8,040 ಕಿಲೋಮೀಟರ್‌ಗೆ ಎಷ್ಟು ಗಂಟೆ? ಬೆಂಗಳೂರು–ಲಂಡನ್ ವಿಮಾನದ ಲೆಕ್ಕ

ಪ್ರಶ್ನೆ: ನಾನು ತುಮಕೂರಿನವಳು, ನಿವೃತ್ತ ಶಿಕ್ಷಕಿ. ಮಗಳ ಬಾಣಂತನಕ್ಕೆ ಫೆಬ್ರವರಿ ಮೊದಲ ವಾರ ಬೆಂಗಳೂರಿನಿಂದ ಲಂಡನ್ನಿಗೆ ಹೋಗಿ ಏಪ್ರಿಲ್ ಕೊನೆಗೆ ವಾಪಸು ಬರಬೇಕು. ಟಿಕೆಟ್ ಇನ್ನೂ ಮಾಡಿಸಿಲ್ಲ. ಮಗಳು ಕಳಿಸಿದ ವಿವರದಲ್ಲಿ ಹೋಗುವಾಗ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12.30ಕ್ಕೆ ತಲುಪುತ್ತದೆ. ಬರುವಾಗ ಮಧ್ಯಾಹ್ನ 2.30ಕ್ಕೆ ಹೊರಟು ಮಾರನೇ ದಿನ ಬೆಳಿಗ್ಗೆ 5ಕ್ಕೆ ಇಳಿಯುತ್ತದೆ. ಐದೂವರೆ ಗಂಟೆ ವ್ಯತ್ಯಾಸ ಹಿಡಿದು ಲೆಕ್ಕ ಹಾಕಿದೆ. ಹೋಗಲು 11 ಗಂಟೆ, ಬರಲು 9 ಗಂಟೆ ಬಂತು. ದೂರ 8,040 ಕಿ.ಮೀ., ವೇಗ ಗಂಟೆಗೆ 900 ಕಿ.ಮೀ. ಅಂತ ಇಂಟರ್ನೆಟ್‌ನಲ್ಲಿದೆ. ಹಾಗಾದರೆ ಎರಡೂ ಕಡೆ 9 ಗಂಟೆ ಆಗಬೇಕಲ್ವಾ? ಅಳಿಯ ದುಬೈ ಮೇಲೆ ಬಂದರೆ ಖರ್ಚು ಕಡಿಮೆ ಅನ್ನುತ್ತಾರೆ. ಒಬ್ಬಳೇ ಹೋಗುತ್ತಿದ್ದೇನೆ, ಬಿಪಿ ಮತ್ತು ಶುಗರ್ ಮಾತ್ರೆ ತಗೊಳ್ತೀನಿ. ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಲೆಕ್ಕದ ದಾರಿ ಸರಿಯಾಗಿದೆ. ಒಂದೇ ಒಂದು ಕಡೆ ಲಂಡನ್ನಿನ ಗಡಿಯಾರ ನಿಮಗೆ ಕೈಕೊಟ್ಟಿದೆ. ಮೊದಲು ಅದನ್ನು ಬಿಡಿಸೋಣ, ಆಮೇಲೆ ಉಳಿದದ್ದು ಸಲೀಸು.

ಬ್ರಿಟನ್ನಿನಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಿಸುತ್ತಾರೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ. ನಮ್ಮಲ್ಲಿ ಈ ಪದ್ಧತಿ ಇಲ್ಲ. ಹಾಗಾಗಿ ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ ಇದ್ದರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಮಾತ್ರ ಹಿಂದೆ ಇರುತ್ತದೆ. ನೀವು ಹೋಗುವುದು ಫೆಬ್ರವರಿಯಲ್ಲಿ, ಬರುವುದು ಏಪ್ರಿಲ್‌ನಲ್ಲಿ. ನಡುವೆ ಗಡಿಯಾರ ಬದಲಾಗಿರುತ್ತದೆ.

ಎರಡೂ ಪ್ರಯಾಣವನ್ನು ನಮ್ಮ ಸಮಯಕ್ಕೆ ತಂದು ನೋಡಿ. ಹೋಗುವಾಗ ಬೆಳಿಗ್ಗೆ 7ಕ್ಕೆ ಹೊರಡುತ್ತೀರಿ. ಲಂಡನ್ನಿನ 12.30 ಅಂದರೆ ನಮ್ಮ ಸಂಜೆ 6. ಒಟ್ಟು 11 ಗಂಟೆ, ನೀವು ಹೇಳಿದ್ದೇ ಸರಿ. ಬರುವಾಗ ಅಲ್ಲಿನ ಮಧ್ಯಾಹ್ನ 2.30 ಅಂದರೆ ನಮ್ಮ ರಾತ್ರಿ 7. ಇಳಿಯುವುದು ಬೆಳಿಗ್ಗೆ 5ಕ್ಕೆ. ಒಟ್ಟು 10 ಗಂಟೆ, 9 ಅಲ್ಲ. ಎರಡು ಗಂಟೆ ಅಂತ ಕಂಡ ವ್ಯತ್ಯಾಸ ಈಗ ಒಂದೇ ಗಂಟೆಗೆ ಇಳಿಯಿತು.

ಟಿಕೆಟ್ ಮೇಲೆ ಬರೆಯುವ ಸಮಯ ಯಾವಾಗಲೂ ಆಯಾ ಊರಿನ ಗಡಿಯಾರದ್ದೇ. ಯಾವ ದೇಶಕ್ಕೆ ಹೋಗುವುದಿದ್ದರೂ ಎರಡೂ ತುದಿಯನ್ನು ಮನೆಯ ಸಮಯಕ್ಕೆ ತಂದುಕೊಂಡೇ ಕಳೆಯಿರಿ. ವೆಬ್‌ಸೈಟಿನಲ್ಲಿ ಪ್ರಯಾಣದ ಒಟ್ಟು ಅವಧಿಯನ್ನೂ ಕೊಟ್ಟಿರುತ್ತಾರೆ. ನಿಮ್ಮ ಲೆಕ್ಕವನ್ನು ಅದರ ಜೊತೆ ತಾಳೆ ನೋಡಬಹುದು.

ಈಗ 8,040ರ ವಿಷಯ. ಆ ಸಂಖ್ಯೆ ಸುಳ್ಳಲ್ಲ. ಭೂಮಿಯ ಮೇಲೆ ದೇವನಹಳ್ಳಿಯಿಂದ ಹೀಥ್ರೋವರೆಗೆ ಇರುವ ಅತಿ ಹತ್ತಿರದ ದಾರಿಯ ಉದ್ದ ಅದು. ನಿಮ್ಮ ಶಾಲೆಯಲ್ಲಿ ಗ್ಲೋಬ್ ಇದ್ದಿರಬೇಕು. ಅದರ ಮೇಲೆ ಬೆಂಗಳೂರಿಗೂ ಲಂಡನ್ನಿಗೂ ಒಂದು ದಾರ ಬಿಗಿಯಾಗಿ ಎಳೆದು ಹಿಡಿದರೆ ಆ ದಾರಿಯೇ ಕಾಣುತ್ತದೆ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಬೇರೆಯೇ ದಾರಿ. ಸ್ಕೇಲಿನ ಗೆರೆ ಒಮಾನ್, ಕೊಲ್ಲಿ, ಸಿರಿಯಾ ಮೇಲೆ ಹೋಗುತ್ತದೆ. ದಾರ ಅದಕ್ಕಿಂತ ಉತ್ತರಕ್ಕೆ ಬಾಗುತ್ತದೆ: ಮುಂಬೈ ಪಕ್ಕದ ಸಮುದ್ರ, ಪಾಕಿಸ್ತಾನದ ಬಲೂಚಿಸ್ತಾನ, ಇರಾನಿನ ನಡುಭಾಗ, ಅಜರ್‌ಬೈಜಾನ್, ಜಾರ್ಜಿಯಾ, ಕಪ್ಪು ಸಮುದ್ರ, ಕ್ರಿಮಿಯಾ, ಉಕ್ರೇನ್, ಮಾಲ್ಡೋವಾ, ಜೆಕ್ ದೇಶ, ಜರ್ಮನಿ, ಕೊನೆಗೆ ಲಂಡನ್.

ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ವಿಮಾನ ಈ ದಾರಿಯಲ್ಲೇ ಏಕೆ ಹೋಗುವುದಿಲ್ಲ ಅನ್ನುವುದು ಅಲ್ಲೇ ಇದೆ. 2022ರ ಫೆಬ್ರವರಿ 24ರಂದು ಯುದ್ಧ ಶುರುವಾದ ದಿನದಿಂದ ಉಕ್ರೇನಿನ ಆಕಾಶ ಪ್ರಯಾಣಿಕ ವಿಮಾನಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, ನಾವೂ ಅವರ ವಿಮಾನಗಳಿಗೆ ಮುಚ್ಚಿದೆವು. ಆಮೇಲೆ ಆ ಆದೇಶವನ್ನು ತಿಂಗಳು ತಿಂಗಳು ಮುಂದುವರಿಸುತ್ತಾ ಬಂದರು. ಅದೇ ವರ್ಷ ಜೂನ್‌ನಲ್ಲಿ ಇಸ್ರೇಲ್–ಇರಾನ್ ಸಂಘರ್ಷದ ಹೊತ್ತಿಗೆ ಇರಾನ್, ಇರಾಕ್ ಎರಡೂ ಆಕಾಶ ಬಂದ್ ಆದವು. ಜೂನ್ 23ರ ರಾತ್ರಿ ಕತಾರ್ ಕೂಡ ಕೆಲವು ಗಂಟೆ ಮುಚ್ಚಿತ್ತು. 8,040 ಅನ್ನುವ ಆ ಅಂದದ ಗೆರೆ ಹಾದುಹೋಗುವ ಜಾಗಗಳಲ್ಲಿ ಎಷ್ಟೊಂದು ಕಡೆ ಇವತ್ತು ಹೋಗಲಿಕ್ಕೇ ಆಗುವುದಿಲ್ಲ, ಇಲ್ಲವೇ ಹೋಗುವ ಮೊದಲು ಹತ್ತು ಸಲ ಯೋಚಿಸಬೇಕು. ಕೆಳಗೆ ಬದುಕುತ್ತಿರುವ ಜನರ ಕಷ್ಟದ ಮುಂದೆ ನಮ್ಮ ಸುತ್ತುದಾರಿ ಏನೂ ಅಲ್ಲ, ಅದನ್ನೂ ಹೇಳಲೇಬೇಕು.

ಆದರೆ ನಮ್ಮ ಊರಿಗೆ ಒಂದು ಅನುಕೂಲ ಇದೆ. ಬೆಂಗಳೂರಿನಿಂದ ಹೊರಟ ವಿಮಾನ ಅರಬ್ಬಿ ಸಮುದ್ರ ದಾಟಿ ಒಮಾನ್ ಕಡೆ ತಿರುಗಿ, ಅಲ್ಲಿಂದ ಟರ್ಕಿ, ಬಾಲ್ಕನ್ ದೇಶಗಳ ಮೇಲೆ ಹೋದರೂ ಜಾಸ್ತಿ ಸುತ್ತು ಬೀಳುವುದಿಲ್ಲ. ಸ್ಕೇಲಿನ ಗೆರೆಯ ಮೇಲೇ ಹೋಯಿತು ಅಂದುಕೊಳ್ಳಿ. ಅದರ ಉದ್ದ ಸುಮಾರು 8,260 ಕಿ.ಮೀ. ದಾರದ ದಾರಿಗಿಂತ 200 ಚಿಲ್ಲರೆ ಕಿಲೋಮೀಟರ್ ಹೆಚ್ಚು, ಸಮಯದಲ್ಲಿ ಸುಮಾರು 15 ನಿಮಿಷ. ನಿಜವಾದ ಹಾರಾಟದಲ್ಲಿ ಇನ್ನಷ್ಟು ತಿರುವುಗಳು ಸೇರಿ 8,400, 8,500 ಆಗಬಹುದು. ದೆಹಲಿಯವರಿಗೆ ಇದು ನಿಜಕ್ಕೂ ತೊಂದರೆ. ಅವರ ನೇರ ದಾರಿ ಪಾಕಿಸ್ತಾನದ ಮೇಲೇ ಇರುವುದರಿಂದ ಭಾರತದ ವಿಮಾನಗಳು ಮೊದಲು ದಕ್ಷಿಣಕ್ಕೆ ಗುಜರಾತಿನ ಕಡೆ ಹಾರಿ, ಸಮುದ್ರ ಸೇರಿ, ಆಮೇಲೆ ಪಶ್ಚಿಮಕ್ಕೆ ತಿರುಗಬೇಕು.

ಹಾಗಾದರೆ ಹೋಗುವಾಗ ಒಂದು ಗಂಟೆ ಹೆಚ್ಚು ಏಕೆ? ಅದಕ್ಕೆ ಮುಖ್ಯ ಕಾರಣ ಗಾಳಿ. ವಿಮಾನದ ದಾರಿ ಹಾಕುವಾಗ ಪ್ರತಿದಿನ ಮೊದಲು ನೋಡುವುದು ಅದನ್ನೇ.

ಭೂಮಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಪಟ್ಟಿಗಳು ಹರಿಯುತ್ತವೆ. ಇವಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಇಂಥದ್ದೊಂದು ಪಟ್ಟಿ ಅರಬ್ ದೇಶಗಳು, ಇರಾನ್, ಉತ್ತರ ಭಾರತದ ಮೇಲೆ ಕೂತಿರುತ್ತದೆ. ಅದರ ನಡುವೆ ಗಾಳಿಯ ವೇಗ ಗಂಟೆಗೆ 150, 200 ಕಿ.ಮೀ. ಇರುವುದು ಸಾಮಾನ್ಯ. ವಿಮಾನದ 900 ಕಿ.ಮೀ. ವೇಗ ಅನ್ನುವುದು ಸುತ್ತಲಿನ ಗಾಳಿಯೊಳಗೆ ಅದು ನುಗ್ಗುವ ವೇಗ. ನೆಲದ ಮೇಲೆ ಎಷ್ಟು ಮುಂದೆ ಹೋದೆವು ಅನ್ನುವುದು ಬೇರೆ. ಎದುರುಗಾಳಿ ಇದ್ದರೆ ಅಷ್ಟನ್ನು ಕಳೆಯಬೇಕು, ಹಿಂದಿನಿಂದ ಬೀಸಿದರೆ ಅಷ್ಟನ್ನು ಕೂಡಬೇಕು.

ನಿಮ್ಮ ಪ್ರಯಾಣಕ್ಕೇ ಹಾಕಿ ನೋಡೋಣ. ಫೆಬ್ರವರಿಯಲ್ಲಿ ಇಡೀ ದಾರಿಗೆ ಸರಾಸರಿ 80 ಕಿ.ಮೀ. ಎದುರುಗಾಳಿ ಸಿಕ್ಕಿತು ಅನ್ನಿ. ನೆಲದ ಮೇಲಿನ ವೇಗ 820 ಆಯಿತು. 8,500 ಕಿ.ಮೀ. ದಾಟಲು ಸುಮಾರು 10 ಗಂಟೆ 20 ನಿಮಿಷ. ಏಪ್ರಿಲ್ ಹೊತ್ತಿಗೆ ಆ ಗಾಳಿ ಸ್ವಲ್ಪ ತಗ್ಗುತ್ತದೆ, ಅದೂ ಈಗ ನಿಮ್ಮ ಬೆನ್ನ ಹಿಂದೆ. ಸರಾಸರಿ 40 ಕಿ.ಮೀ. ಸಹಾಯ ಮಾಡಿದರೂ ಅದೇ ದೂರ 9 ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಈ 80, 40 ನಾನು ಉದಾಹರಣೆಗೆ ಹಿಡಿದ ಅಂಕಿಗಳು. ದಿನದಿಂದ ದಿನಕ್ಕೆ ಬದಲಾಗುತ್ತವೆ.

ಬಹಳ ಜನ ಇದನ್ನು ಭೂಮಿ ತಿರುಗುವುದರಿಂದ ಆಗುತ್ತದೆ ಅಂದುಕೊಂಡಿದ್ದಾರೆ. ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾಗಿ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಲಂಡನ್ ತಾನಾಗಿ ಎದುರು ಬರಬೇಕು ಅನ್ನುವ ವಾದ. ಹಾಗಿದ್ದರೆ ಹೋಗುವಾಗಲೇ ಬೇಗ ತಲುಪಬೇಕಿತ್ತು, ಆಗುವುದು ಉಲ್ಟಾ! ಓಡುವ ಬಸ್ಸಿನೊಳಗೆ ನಾಣ್ಯ ಮೇಲೆಸೆದರೆ ಅದು ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಭೂಮಿಯ ಜೊತೆ ಗಾಳಿಯೂ, ಗಾಳಿಯ ಜೊತೆ ವಿಮಾನವೂ ತಿರುಗುತ್ತಲೇ ಇರುತ್ತವೆ.

ಮಳೆಗಾಲದಲ್ಲಿ ಚಿತ್ರ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪಶ್ಚಿಮದ ಗಾಳಿಪಟ್ಟಿ ಹಿಮಾಲಯದ ಆಚೆ ಸರಿದುಬಿಡುತ್ತದೆ. ನಮ್ಮ ದಕ್ಷಿಣ ಭಾರತದ ಮೇಲೆ ಅದರ ಬದಲು ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಇನ್ನೊಂದು ಜೆಟ್ ಎದ್ದು ನಿಲ್ಲುತ್ತದೆ. ಇದನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದರ ನಡುಭಾಗ ವಿಮಾನ ಹಾರುವ ಮಟ್ಟಕ್ಕಿಂತ ಮೇಲೆ ಇದ್ದರೂ ಕೆಳಗಿನ ಅಂಚು ವಿಮಾನಕ್ಕೆ ತಾಗುತ್ತದೆ. ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಮೊದಲ ಒಂದೆರಡು ಗಂಟೆ ಬೆನ್ನಗಾಳಿ ಸಿಗುವುದು ಹೀಗೆ. ಮುಂಗಾರು ನಮ್ಮ ಹೊಲಕ್ಕೆ ಮಾತ್ರ ಅಲ್ಲ, ಹನ್ನೊಂದು ಕಿಲೋಮೀಟರ್ ಮೇಲೆ ಹಾರುವವರಿಗೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಗಾಳಿಯ ಶಕ್ತಿ ಎಷ್ಟು ಅನ್ನುವುದಕ್ಕೆ ನಮ್ಮದೇ ಒಂದು ಉದಾಹರಣೆ ಇದೆ. ಏರ್ ಇಂಡಿಯಾ 2015ರ ಡಿಸೆಂಬರ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಶುರು ಮಾಡಿತು. ಆಗ ಹೋಗುತ್ತಿದ್ದದ್ದು ಯುರೋಪ್, ಅಟ್ಲಾಂಟಿಕ್ ಮೇಲೆ, ಸುಮಾರು 13,900 ಕಿ.ಮೀ. ಮಾರನೇ ವರ್ಷ ಅಕ್ಟೋಬರ್‌ನಲ್ಲಿ ದಿಕ್ಕನ್ನೇ ತಿರುಗಿಸಿ, ಪೂರ್ವಕ್ಕೆ ಪೆಸಿಫಿಕ್ ಮೇಲೆ ಕಳಿಸಿದರು. ದೂರ ಸುಮಾರು 15,300 ಕಿ.ಮೀ. ಆಯಿತು, ಅಂದರೆ 1,400 ಕಿ.ಮೀ. ಹೆಚ್ಚು. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲೇ ತಲುಪಿತು. ಇಡೀ ದಾರಿ ಗಾಳಿ ಹಿಂದಿನಿಂದ ತಳ್ಳುತ್ತಿತ್ತು, ಅಷ್ಟೇ. ದೂರ ಹೆಚ್ಚಾಯಿತು, ಸಮಯ ಕಡಿಮೆಯಾಯಿತು! ಕಿಲೋಮೀಟರನ್ನು ವೇಗದಿಂದ ಭಾಗಿಸಿ ಸಮಯ ಕಂಡುಹಿಡಿಯುವ ವೆಬ್‌ಸೈಟುಗಳನ್ನು ನಾನು ನಂಬಬೇಡಿ ಅನ್ನುವುದು ಇದಕ್ಕೇ.

ಹಾಗಾಗಿ ದಾರಿಯನ್ನು ಪ್ರತಿದಿನ ಹೊಸದಾಗಿ ಹಾಕಬೇಕಾಗುತ್ತದೆ. ಲಂಡನ್ ಮತ್ತು ವಾಷಿಂಗ್ಟನ್ ಎಂಬ ಹೆಸರಿನ ಎರಡು ಜಾಗತಿಕ ಹವಾಮಾನ ಕೇಂದ್ರಗಳಿವೆ. ಜಗತ್ತಿನ ವಿಮಾನಗಳಿಗೆಲ್ಲ ಮೇಲ್ಮಟ್ಟದ ಗಾಳಿಯ ಮುನ್ಸೂಚನೆ ಬರುವುದು ಅಲ್ಲಿಂದ. ಹೊರಡುವ ಕೆಲವು ಗಂಟೆ ಮೊದಲು ಆ ಗಾಳಿ, ಆ ದಿನ ಮುಚ್ಚಿರುವ ಆಕಾಶ, ವಿಮಾನದ ತೂಕ, ಒಂದೊಂದು ದೇಶ ತನ್ನ ಮೇಲೆ ಹಾರಲು ಹಾಕುವ ಶುಲ್ಕ, ಎಲ್ಲವನ್ನೂ ಇಟ್ಟುಕೊಂಡು ದಾರಿ ಆರಿಸುತ್ತಾರೆ. ಇವತ್ತಿನ ವಿಮಾನ ಹೋದ ದಾರಿಯಲ್ಲೇ ನಾಳೆಯದ್ದು ಹೋಗಬೇಕೆಂದಿಲ್ಲ.

ಇನ್ನು ನೆಲದ ಮೇಲಿನ ಸಮಯ. ಟಿಕೆಟ್ಟಿನಲ್ಲಿರುವ 7 ಗಂಟೆ ವಿಮಾನ ಮೇಲೇರುವ ಹೊತ್ತಲ್ಲ. ಗೇಟಿನಿಂದ ಹಿಂದೆ ಸರಿಯುವ ಹೊತ್ತು. ತಲುಪುವ ಸಮಯವೂ ಹಾಗೇ, ಆ ಕಡೆಯ ಗೇಟಿಗೆ ಬಂದು ನಿಲ್ಲುವ ಹೊತ್ತು. ಎರಡೂ ಕಡೆ ರನ್‌ವೇಗೆ ಹೋಗಿಬರುವುದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಹೀಥ್ರೋ ಬಹಳ ತುಂಬಿದ ನಿಲ್ದಾಣ, ಇರುವುದು ಎರಡೇ ರನ್‌ವೇ. ಇಳಿಯುವ ಸರದಿ ಬರುವವರೆಗೆ ನಗರದ ಹೊರಗೆ ಗೊತ್ತುಪಡಿಸಿದ ಜಾಗಗಳಲ್ಲಿ ವಿಮಾನಗಳನ್ನು ಸುತ್ತು ಹೊಡೆಸುತ್ತಾರೆ. ಕಿಟಕಿಯಿಂದ ಅದೇ ಊರು ಎರಡು ಸಲ ಕಂಡರೆ ಗಾಬರಿ ಬೇಡ, ಅದು ದಿನನಿತ್ಯದ ವಿಷಯ. ಇದಕ್ಕೆಲ್ಲ ಸೇರಿಸಿ ಕಂಪನಿಗಳು ಒಂದಿಷ್ಟು ನಿಮಿಷ ಹೆಚ್ಚು ಇಟ್ಟೇ ಸಮಯ ಬರೆಯುತ್ತವೆ. ಗಾಳಿಯ ಲೆಕ್ಕದ 10.20ಕ್ಕೆ ಇದನ್ನು ಕೂಡಿಸಿ, ನಿಮ್ಮ 11 ಗಂಟೆ ಬಂತು. 9 ಚಿಲ್ಲರೆಗೆ ಕೂಡಿಸಿ, 10 ಬಂತು.

ಈಗ ದುಬೈ. ಬೆಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,700 ಕಿ.ಮೀ., ಅಲ್ಲಿಂದ ಲಂಡನ್ನಿಗೆ ಸುಮಾರು 5,500. ಎರಡೂ ಸೇರಿ 8,200. ನೇರ ದಾರಿಗಿಂತ ಬರೀ 150 ಕಿ.ಮೀ. ಹೆಚ್ಚು! ಕಿಲೋಮೀಟರ್ ನೋಡಿದರೆ ಎರಡೂ ಒಂದೇ. ಗಂಟೆ ನೋಡಿದರೆ ಒಂದೇ ಅಲ್ಲ. ಮೊದಲ ಹಾರಾಟ ನಾಲ್ಕು ಗಂಟೆ, ಎರಡನೆಯದು ಏಳೂವರೆ ಆಸುಪಾಸು, ನಡುವೆ ಕಾಯುವುದು ಕನಿಷ್ಠ ಎರಡು ಮೂರು ಗಂಟೆ. ಒಟ್ಟು ಹದಿಮೂರೂವರೆಯಿಂದ ಹದಿನಾಲ್ಕೂವರೆ ಗಂಟೆ ಆಗುತ್ತದೆ.

ನೀವು ಒಬ್ಬರೇ ಹೋಗುತ್ತಿದ್ದೀರಿ, ಮೊದಲ ಸಲ ಇರಬಹುದು. ಹಣದ ವ್ಯತ್ಯಾಸ ನಿಮ್ಮ ಕೈಗೆ ಎಟಕುವಂತಿದ್ದರೆ ನೇರ ವಿಮಾನವೇ ಇರಲಿ. ಮಧ್ಯೆ ಇಳಿದು ಇನ್ನೊಂದು ಗೇಟ್ ಹುಡುಕುವ ಕೆಲಸ ಇಲ್ಲ, ಮೊದಲನೆಯದು ತಡವಾದರೆ ಎರಡನೆಯದು ತಪ್ಪುತ್ತದೆ ಅನ್ನುವ ಆತಂಕ ಇಲ್ಲ, ಪೆಟ್ಟಿಗೆ ನಡುವೆ ಉಳಿದುಬಿಡುವ ಸಾಧ್ಯತೆ ಕಡಿಮೆ. ದುಬೈ ದಾರಿಗೂ ಒಂದು ಒಳ್ಳೆಯ ಗುಣ ಇದೆ, ಕಾಲು ಸಡಿಲ ಮಾಡಿಕೊಳ್ಳಲು ಸಿಗುತ್ತದೆ. ಅದನ್ನೇ ಆರಿಸುವುದಾದರೆ ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ ಇರಬೇಕು. ಬೇರೆ ಬೇರೆ ಕೊಂಡರೆ ಮೊದಲನೆಯದು ತಡವಾದಾಗ ಎರಡನೆಯ ಕಂಪನಿಯವರು ನಿಮಗೆ ಹೊಣೆಯಲ್ಲ. ನಡುವೆ ಮೂರು ಗಂಟೆಯಾದರೂ ಇರಲಿ, ಒಂದೂವರೆ ಗಂಟೆಯ ಟಿಕೆಟ್ ಎಷ್ಟು ಅಗ್ಗವಾದರೂ ಬೇಡ. ಯಾವ ದಾರಿಯಾದರೂ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಆಗದವರಿಗೆ ಮಾತ್ರ ಅಂತ ಸಂಕೋಚ ಬೇಡ. ದೊಡ್ಡ ನಿಲ್ದಾಣದಲ್ಲಿ ದೂರ ನಡೆಯುವುದು ನಿಮಗೆ ಕಷ್ಟ ಎಂದಾದರೆ ಅದು ನಿಮಗೂ ಇರುವ ಸೌಲಭ್ಯವೇ.

ಟಿಕೆಟ್ಟಿನ 11 ಗಂಟೆಗಿಂತ ಮನೆಯಿಂದ ಮನೆಗೆ ಎಷ್ಟು ಅನ್ನುವುದು ನಿಮಗೆ ಮುಖ್ಯ. 7ರ ವಿಮಾನಕ್ಕೆ ನೀವು 4ಕ್ಕೆ ನಿಲ್ದಾಣದಲ್ಲಿ ಇರಬೇಕು. ಅಂತರರಾಷ್ಟ್ರೀಯ ವಿಮಾನಗಳು ಈಗ ಟರ್ಮಿನಲ್ 2ರಿಂದ, ಡ್ರೈವರಿಗೆ ಮೊದಲೇ ಹೇಳಿ. ತುಮಕೂರಿನಿಂದ ಬೆಂಗಳೂರಿನ ಒಳಗೆ ಹೋಗದೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಬಹುದು. ಆದರೂ ರಾತ್ರಿ 2ರ ಒಳಗೆ ಮನೆ ಬಿಡಿ. ಆ ಕಡೆ ಪಾಸ್‌ಪೋರ್ಟ್ ತಪಾಸಣೆ, ಪೆಟ್ಟಿಗೆ, ಕಾರು ಎಲ್ಲ ಮುಗಿದು ಮಗಳ ಮನೆ ಸೇರುವಾಗ ಅಲ್ಲಿ ಮಧ್ಯಾಹ್ನ 3 ಆಗಿರುತ್ತದೆ. ನಮ್ಮಲ್ಲಿ ರಾತ್ರಿ 8.30. ಒಟ್ಟು ಹದಿನೆಂಟೂವರೆ ಗಂಟೆ. ಹಿಂದಿನ ದಿನ ಮಧ್ಯಾಹ್ನವೇ ಮಲಗಿ ನಿದ್ದೆ ಮಾಡಿಕೊಳ್ಳಿ.

ಮಾತ್ರೆಗೂ ಇದೇ ಲೆಕ್ಕ. ವಿಮಾನದಲ್ಲಿ ಕೈಗಡಿಯಾರ ಬೆಂಗಳೂರಿನ ಸಮಯದಲ್ಲೇ ಇರಲಿ. ಬೆಳಗಿನ ಮಾತ್ರೆ, ಮಧ್ಯಾಹ್ನದ ಊಟ ಮನೆಯ ಹೊತ್ತಿಗೇ ಆಗುತ್ತದೆ. ಲಂಡನ್ನಿನಲ್ಲಿ ಇಳಿದಾಗ ಅಲ್ಲಿ ಮಧ್ಯಾಹ್ನ, ನಿಮ್ಮ ಮೈಗೆ ಸಂಜೆ. ಆ ದಿನದ ರಾತ್ರಿ ಮಾತ್ರೆ ಯಾವ ಹೊತ್ತಿಗೆ, ಮರುದಿನದಿಂದ ಹೇಗೆ ಅನ್ನುವುದನ್ನು ಹೊರಡುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ಇದ್ದರಂತೂ ಕೇಳದೆ ಹೋಗಬೇಡಿ. ಎಲ್ಲ ಔಷಧಿಯೂ ಕೈಚೀಲದಲ್ಲಿರಲಿ, ಜೊತೆಗೆ ಡಾಕ್ಟರ ಚೀಟಿ.

ಕಾಲಿನ ವಿಷಯವನ್ನೂ ಅವರ ಹತ್ತಿರ ಕೇಳಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂತೇ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಎರಡು ಪಟ್ಟು ಅಂದರೂ ಅದು 6,000 ಜನರಲ್ಲಿ ಒಬ್ಬರಿಗೆ ಅನ್ನುವಷ್ಟು. ಹೆದರುವುದು ಬೇಡ, ಆದರೆ ಪೂರ್ತಿ ದಾರಿ ಕೂತೇ ಇರಬೇಡಿ. ಓಡಾಡಲು ಸುಲಭವಾಗುವಂತೆ ನಡುದಾರಿಯ ಪಕ್ಕದ ಸೀಟು ಕೇಳಿ. ಗಂಟೆಗೊಮ್ಮೆ ಎದ್ದು ಹಿಂದಿನವರೆಗೆ ಹೋಗಿ ಬನ್ನಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಿ, ನೀರು ಕುಡಿಯಿರಿ.

ಕೊನೆಯದಾಗಿ, ಏಪ್ರಿಲ್‌ನ ವಾಪಸು ಟಿಕೆಟ್. ಕಂಪನಿಗಳ ಬೇಸಿಗೆಯ ವೇಳಾಪಟ್ಟಿ ಶುರುವಾಗುವುದೂ ಮಾರ್ಚ್ ಕೊನೆಯ ಭಾನುವಾರವೇ. ಈಗ ಮಾಡಿಸಿದ ಟಿಕೆಟ್ಟಿನ ಸಮಯ ಅಷ್ಟರಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಸರಿದಿರಬಹುದು. ಬುಕ್ ಮಾಡುವಾಗ ನಿಮ್ಮ ನಂಬರಿನ ಜೊತೆ ಮಗಳ ಲಂಡನ್ ನಂಬರನ್ನೂ ಕೊಡಿ. ಬದಲಾವಣೆಯ ಸಂದೇಶ ಅವರಿಗೂ ಹೋಗುತ್ತದೆ. ಹೊರಡುವ ಹಿಂದಿನ ದಿನ ಸಮಯವನ್ನು ಇನ್ನೊಮ್ಮೆ ನೋಡಿಕೊಂಡು, ಅದರ ಪ್ರಕಾರ ತುಮಕೂರಿನಿಂದ ಕಾರು ಕಳಿಸಲು ಹೇಳಿ.